ಕೊಳದ ಮೇಲಿನ ಕೆಂಪು ಮಣ್ಣು

ಕೆಬೋನ್ ವಾರು ಕೇರಿಯಲ್ಲಿ ಸೂರ್ಯ ಬೇರೆ ಊರುಗಳಿಗಿಂತ ಒಂದು ತಾಸು ತಡವಾಗಿ ಹುಟ್ಟುತ್ತಾನೆ. ಅವನ ತಪ್ಪೇನಿಲ್ಲ. ನಡುವೆ ಕಸದ ಗುಡ್ಡವಿದೆ, ಅದನ್ನು ಹತ್ತಿ ಇಳಿದು ಬರಬೇಕು, ಮೂಗು ಮುಚ್ಚಿಕೊಳ್ಳಲು ಪಾಪ ಅವನಿಗೆ ಕೈ ಬೇರೆ ಇಲ್ಲ. ಪಟ್ಟಣದವರು ತಿಂದು ಬಿಟ್ಟದ್ದು, ಉಟ್ಟು ಹರಿದದ್ದು, ಮುರಿದದ್ದು, ಮರೆತದ್ದು, ಎಲ್ಲವೂ ಲಾರಿ ಹತ್ತಿ ಇಲ್ಲಿಗೆ ಬಂದು ಒಂದರ ಮೇಲೊಂದು ಮಲಗುತ್ತದೆ. ವಿಮಾನ ಓಡಿಸುವವರು ಇದನ್ನು ಜ್ವಾಲಾಮುಖಿ ಎಂದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತಾರೆಂದು ಕೇರಿಯವರು ಹೇಳುತ್ತಾರೆ. ಕೇರಿಯವರು ಹೇಳುವುದರಲ್ಲಿ ಅರ್ಧ ನಿಜ, ಇನ್ನರ್ಧ ಅದಕ್ಕಿಂತಲೂ ನಿಜ.

ಇಂಥ ಗುಡ್ಡದ ಬುಡದಲ್ಲಿ ವಸ್ತಿರಾಳ ಬಾವಿ ಇತ್ತು. ಸುತ್ತಲಿನ ಬಾವಿಗಳದ್ದೆಲ್ಲ ತುಕ್ಕು ನೀರು. ಒಂದು ತಿಂಗಳು ಕುಡಿದರೆ ಹೊಟ್ಟೆಯಿಂದ ಮೊಳೆ ತೆಗೆದು ಮಾರಬಹುದಿತ್ತು. ವಸ್ತಿರಾಳ ಬಾವಿಯದು ಮಾತ್ರ ಸಿಹಿ. ಆ ನೀರಲ್ಲಿ ಕಾಫಿ ಕಾಯಿಸಿದರೆ ಸಕ್ಕರೆ ನಾಚಿಕೊಂಡು ಡಬ್ಬಿಯಿಂದ ಹೊರಗೇ ಬರುತ್ತಿರಲಿಲ್ಲ. ಅವಳ ಗಂಡ ಕಾರ್ತಿಮ್ ಅದನ್ನು ತನ್ನ ಕೈಯಾರೆ ತೋಡಿದ್ದ. ತೋಡಿದ ಹುಮ್ಮಸ್ಸಿನಲ್ಲೇ ಹಿತ್ತಿಲಲ್ಲಿ ಮೀನು ಸಾಕಲು ಒಂದು ಕೊಳವನ್ನೂ ತೋಡಿದ. ಆಮೇಲೆ ಇನ್ನೇನೂ ತೋಡಲು ಉಳಿಯಲಿಲ್ಲವೆಂದೋ ಏನೋ, ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ.

ಅವಳ ಬದುಕು ಆ ನೀರಿನ ಮೇಲೆಯೇ ನಿಂತಿತ್ತು. ಸೋಯಾ ಕಾಳನ್ನು ನೆನೆಸಿ, ತುಳಿದು ಸಿಪ್ಪೆ ಬಿಡಿಸಿ, ಬೇಯಿಸಿ, ಆರಿಸಿ, ಹೆಪ್ಪಿನ ಪುಡಿ ಕಲಸಿ, ಬಾಳೆ ಎಲೆಯಲ್ಲಿ ಸುತ್ತಿ ಇಟ್ಟರೆ ಎರಡು ದಿನದಲ್ಲಿ ಬೂಷ್ಟು ಕಾಳುಗಳನ್ನೆಲ್ಲ ಹತ್ತಿಯಂತೆ ಹೆಣೆದು ಒಂದೇ ಬಿಲ್ಲೆ ಮಾಡುತ್ತದೆ. ಅದೇ ತೆಂಪೆ. ವಸ್ತಿರಾಳ ತೆಂಪೆ ಎಷ್ಟು ಬಿಗಿಯೆಂದರೆ, ಸಂತೆಯಲ್ಲಿ ಒಬ್ಬ ಅದನ್ನು ತಲೆದಿಂಬು ಮಾಡಿಕೊಂಡು ಮಲಗಿ, ಎದ್ದು, ಕರಿದು ತಿಂದನಂತೆ. "ಕೈಗುಣ" ಎನ್ನುತ್ತಿದ್ದರು ಜನ. ತೆಂಪೆ ಮಾಡುವವಳ ಮನಸ್ಸಿನಲ್ಲಿ ಹಗೆಯಾಗಲಿ ಹೊಟ್ಟೆಕಿಚ್ಚಾಗಲಿ ಇದ್ದರೆ ಹೆಪ್ಪು ಹಿಡಿಯುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಹಾಗಾಗಿ ಅವಳ ತೆಂಪೆ ಬೆಳ್ಳಗಿದ್ದಷ್ಟು ದಿನ ಅವಳ ಮನಸ್ಸೂ ಬೆಳ್ಳಗಿದೆ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಬಾವಿಗೆ ಬೀಗವಿರಲಿಲ್ಲ. ಕುಡಿಯಲು, ಅನ್ನಕ್ಕೆ, ಕೂಸಿನ ಗಂಜಿಗೆ ಇಡೀ ಕೇರಿ ಅಲ್ಲಿಂದಲೇ ಸೇದುತ್ತಿತ್ತು. ಎದುರಿಗೆ ಕರಿದ ಬಾಳೆಹಣ್ಣು ಮಾರುವ ಕುನೇಸಿ ಬಿಬಿ, ಕೇರಿಗೆಲ್ಲ ಚಿಕ್ಕಮ್ಮ, ಇಡೀ ಕೇರಿಯ ಮೇಲೆ ನಾಲಿಗೆ ಆಡಿಸುತ್ತಿದ್ದವಳು, ಬಾವಿಯ ವಿಷಯದಲ್ಲಿ ಮಾತ್ರ ನಾಲಿಗೆ ಒಳಗೆ ಇಟ್ಟುಕೊಳ್ಳುತ್ತಿದ್ದಳು.

ವಸ್ತಿರಾಳಿಗೆ ಮಕ್ಕಳಿರಲಿಲ್ಲ ಎನ್ನುವುದು ಕಾಗದದ ಲೆಕ್ಕ. ತಾಯಿ ಹೆರಿಗೆಯಲ್ಲಿ ಹೋದಾಗ ಅವಳ ಕಂಕುಳಿಗೆ ಬಂದ ತಮ್ಮ ಚಸ್ಮಾದಿ, ಮೀಸೆ ಬರುವವರೆಗೂ ಅಲ್ಲಿಂದ ಇಳಿದಿರಲಿಲ್ಲ. ಅನ್ನವನ್ನು ಅಗಿದು ಮೆತ್ತಗೆ ಮಾಡಿ ಅವನ ಬಾಯಿಗಿಟ್ಟವಳು ಅವಳು. ಬಂದ ಎರಡು ಸಂಬಂಧ ಬಿಟ್ಟು, ಮೂರನೆಯ ಕಾರ್ತಿಮ್‌ಗೆ, "ನಾನು ಬರೋದಾದ್ರೆ ಇವನೂ ಬರ್ತಾನೆ" ಎಂದವಳು. ಈಗ ಅವನು ಗುಡ್ಡದ ಮೇಲೆ ಮಣ್ಣೆತ್ತುವ ಯಂತ್ರ ಓಡಿಸುತ್ತಿದ್ದ. ಅವಳ ಪಾಲಿಗೆ ಗುಡ್ಡ ಅಲ್ಲಾಡದೆ ನಿಂತಿದ್ದುದು ಅವನಿಂದಲೇ.

ಗಂಡ ಹೋದ ಮೇಲೆ ಕೊಳದಲ್ಲಿ ಮೀನೂ ಹೋದವು, ಸೊಳ್ಳೆ ಉಳಿದವು. ಎರಡು ಸೊಳ್ಳೆ ಸೇರಿ ಕೋಳಿಮರಿಯನ್ನು ಎತ್ತಿಕೊಂಡು ಹೋದದ್ದನ್ನು ಕುನೇಸಿ ಬಿಬಿ ಕಣ್ಣಾರೆ ಕಂಡಿದ್ದಾಳೆ. ಕೊಳ ಮುಚ್ಚಿಸಿ, ಅಲ್ಲೊಂದು ಚಪ್ಪರ ಹಾಕಿಸಿ, ಕಾಳು ಆರಿಸಲು ಜಾಗ ಮಾಡಿಕೊಳ್ಳಬೇಕೆಂದು ವಸ್ತಿರಾ ತಮ್ಮನಿಗೆ ಹೇಳಿದಳು.

"ಅಷ್ಟೇ ತಾನೇ ಯಾಯು?" ಎಂದ ಅವನು. ಅಕ್ಕನನ್ನು ಆ ಕಡೆಯವರು ಯಾಯು ಎಂದೇ ಕರೆಯುವುದು. "ಗುಡ್ಡಕ್ಕೆ ಹೊದಿಸೋಕೆ ಕೆಂಪು ಮಣ್ಣು ಬರುತ್ತಲ್ಲ, ಮೇಸ್ತ್ರಿ ನನ್ನ ಮಾತು ತೆಗೆದುಹಾಕಲ್ಲ. ನೀನು ಹಬ್ಬಕ್ಕೆ ಊರಿಗೆ ಹೋಗಿ ಬಾ. ಬರೋದ್ರೊಳಗೆ ನಿನ್ನ ಕೊಳ ಚಂಡಿನಾಟದ ಬಯಲಾಗಿರುತ್ತೆ."

"ಕಸ ಗಿಸ ಹಾಕಿಬಿಟ್ಟೀಯ. ಬಾವಿ ಪಕ್ಕದಲ್ಲೇ ಇದೆ."

"ನಿನ್ನ ಬಾವಿ ನೀರು ಕುಡಿದು ಬೆಳೆದವನು ಯಾಯು ನಾನು" ಎಂದು ಅವನು ಎದೆ ತಟ್ಟಿಕೊಂಡ.

ಉಪವಾಸದ ತಿಂಗಳು ಮುಗಿಸಿ, ಹಬ್ಬಕ್ಕೆ ಇಂದ್ರಮಾಯು ಕಡೆಯ ತವರೂರಿಗೆ ಹೋಗಿ ಗೋರಿಗಳಿಗೆ ಹೂವು ಹಾಕಿ ಅವಳು ಮರಳಿದಾಗ ಕೊಳವೇ ಇರಲಿಲ್ಲ. ನೆಲ ಕೆಂಪಗೆ, ಚಪ್ಪಟೆಯಾಗಿ, ಮದುವಣಗಿತ್ತಿಯ ಹಾಗೆ ಕೂತಿತ್ತು. ಅದರ ಮೇಲೆ ತಮ್ಮ ತಾನೇ ಕಂಬ ನೆಟ್ಟು ಚಪ್ಪರವನ್ನೂ ಹಾಕಿದ್ದ. ಅವಳ ಕಣ್ಣಲ್ಲಿ ನೀರು ಬಂತು. ಕೇರಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಕುನೇಸಿ ಬಿಬಿ ಕಾಲಿನಿಂದ ಕೆದಕಿ ನೋಡಿ, "ಇಂಥ ತಮ್ಮ ನನಗಿದ್ದಿದ್ರೆ ನಾನು ಗಂಡನ್ನೇ ಕಟ್ಟಿಕೊಳ್ತಿರ್ಲಿಲ್ಲ" ಎಂದಳು.

ಅದೇ ವರ್ಷ ಚಸ್ಮಾದಿಯ ಮದುವೆಯೂ ಆಯಿತು. ಪಕ್ಕದ ಕೇರಿಯ ತಗ್ಗಿನಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದ. ವಾರಕ್ಕೊಮ್ಮೆ ಅಕ್ಕನ ಮನೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಬಂದಾಗಲೆಲ್ಲ ಅವನ ಕೈಯಲ್ಲಿ ಅಂಗಡಿಯಿಂದ ಕೊಂಡ ಒಂದು ಬಾಟಲಿ ಚಹಾ ಇರುತ್ತಿತ್ತು. "ಯಂತ್ರ ಓಡಿಸೋರಿಗೆ ಇದೇ ಅಭ್ಯಾಸ ಆಗಿಬಿಟ್ಟಿದೆ" ಎನ್ನುತ್ತಿದ್ದ. ತಮ್ಮ ಬಾಟಲಿ ಚಹಾ ಕೊಂಡು ಕುಡಿಯುವಷ್ಟು ದೊಡ್ಡವನಾದನಲ್ಲ ಎಂದು ಅವಳಿಗೆ ಹೆಮ್ಮೆ.

ಒಮ್ಮೆ ಗುಡ್ಡದ ಒಂದು ಮಗ್ಗುಲು ಮಳೆಗೆ ಜಾರಿತು. ಕಪ್ಪು ನೀರು ಕೇರಿಯಂಚಿನ ಕಾಲುವೆಯ ತನಕ ಬಂತು. ಕಸದೊಳಗಿಂದ ಇಳಿದು ಬರುವ ಆ ಕಷಾಯಕ್ಕೆ ಅಲ್ಲಿನವರು ಲಿಂದಿ ಎನ್ನುತ್ತಾರೆ. ಅದಕ್ಕೆ ಕಾಲದ್ದಿದ ಬಾತುಕೋಳಿಯ ಗರಿಗಳು ಉದುರಿ, ಅದು ಬೇಯಿಸಲು ತಯಾರಾಗಿ ತಾನೇ ಅಡುಗೆಮನೆಗೆ ನಡೆದುಬಂತು ಎಂಬುದು ಕುನೇಸಿ ಬಿಬಿಯ ವರದಿ. ವಸ್ತಿರಾ ಹೆದರಿದಳು. ಆಗ ಚಸ್ಮಾದಿ ಅವಳನ್ನು ಕೂರಿಸಿಕೊಂಡು, ಎಲೆ ಸುತ್ತಿದ ತೆಂಪೆಗಳನ್ನು ಒಂದರ ಮೇಲೊಂದು ಪೇರಿಸಿ ಪಾಠ ಶುರುಮಾಡಿದ.

"ಇದು ಗುಡ್ಡ ಅನ್ಕೋ. ಮೇಲಿಂದ ಮಳೆ ಬಿತ್ತು. ನೀರು ನೆಟ್ಟಗೆ ಕೆಳಗಿಳಿಯುತ್ತೆ ಅಂತೀಯಾ? ಅದೇನು ದಡ್ಡ ಅಲ್ಲ. ಪ್ಲಾಸ್ಟಿಕ್ ಸಿಕ್ಕಿದ್ರೆ ಅಲ್ಲೇ ಬಾನಿ ಮಾಡ್ಕೊಂಡು ಕೂತ್ಕೊಳ್ಳುತ್ತೆ. ಬಾನಿ ತುಂಬ್ತು ಅನ್ನು, ಪಕ್ಕಕ್ಕೆ ಜಾರುತ್ತೆ. ಎಲ್ಲೋ ಒಂದು ತೂತು ಸಿಗುತ್ತೆ, ಸರ್ ಅಂತ ಇಳಿಯುತ್ತೆ. ಹಳೇ ಹಾಸಿಗೆ ಸಿಕ್ತು ಅಂದ್ರೆ ಕೇಳಲೇಬೇಡ, ಅದು ನಮ್ಮ ಮಾವನ ಹಾಗೆ, ಎಷ್ಟು ಕುಡಿದ್ರೂ ಹೊರಗೆ ತೋರಿಸಲ್ಲ. ವರ್ಷಗಟ್ಟಲೆ ಕುಡೀತಾ ಇರುತ್ತೆ. ಒಂದು ದಿನ ಹೊಟ್ಟೆ ತುಂಬಿ ಇನ್ನು ಆಗಲ್ಲ ಅಂದಾಗ ಕಕ್ಕೋಕೆ ಶುರು."

"ಅಂದ್ರೆ ಈ ವರ್ಷದ ಮಳೆ ಈ ವರ್ಷ ಹೊರಗೆ ಬರಲ್ವಾ?"

"ಒಂದಷ್ಟು ಮಧ್ಯಾಹ್ನದೊಳಗೇ ಬರುತ್ತೆ, ಒಂದಷ್ಟು ನಮ್ಮ ಮೊಮ್ಮಕ್ಕಳ ಮದುವೆಗೆ ಬರುತ್ತೆ. ಬರೋವಾಗ ಬರಿಗೈಲಿ ಬರಲ್ಲ ಮತ್ತೆ. ನಮ್ಮ ಜನ ಪ್ರಾರ್ಥನೆಗೆ ಹೋದ ಮನೆಯಿಂದೆಲ್ಲ ಅನ್ನದ ಪೊಟ್ಟಣ ಕಟ್ಟಿಸ್ಕೊಂಡು ಬರ್ತಾರಲ್ಲ, ಹಾಗೆ. ಬ್ಯಾಟರಿ ಹತ್ರ ಒಂದು ಪೊಟ್ಟಣ, ಬಣ್ಣದ ಡಬ್ಬಿ ಹತ್ರ ಒಂದು, ಕೊಳೆತ ಮೀನಿನ ಹತ್ರ ಒಂದು, ಔಷಧಿ ಸೀಸೆ ಹತ್ರ ಇನ್ನೊಂದು. ಕೆಳಗೆ ಬರೋ ಹೊತ್ತಿಗೆ ಅದು ನೀರಾಗಿರಲ್ಲ ಯಾಯು, ಪೂರಾ ಸಂತೆ. ಆದ್ರೆ ಬುಡದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ, ಕೊಳವೆ ಇದೆ, ಆಮೇಲೆ ಕಾಲುವೆ. ಗುಡ್ಡದ ನೀರು ಕಾಲುವೆ ದಾಟಿ ಹತ್ತಿಕೊಂಡು ನಿನ್ನ ಬಾವಿಗೆ ಬರಬೇಕಾದ್ರೆ ಅದಕ್ಕೆ ಕಾಲು ಬೆಳೀಬೇಕು."

ವಸ್ತಿರಾ ನಕ್ಕಳು. ಮರುದಿನ ನೀರಿಗೆ ಬಂದ ಹೆಂಗಸರಿಗೆಲ್ಲ ಅದನ್ನೇ ಹೇಳಿದಳು, "ನಮ್ಮ ಚಸ್ಮಾದಿ ಹೇಳಿದಾನೆ, ನಮ್ಮ ನೀರಿಗೆ ಏನೂ ಆಗಲ್ಲ." ಅವಳ ಮಾತನ್ನು ನಂಬಿ ಅವರು ಕೊಡ ಇಳಿಸಿದರು. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಗುಡ್ಡಕ್ಕೆ ಕಾಲು ಬೆಳೆಯಲೂ ಇಲ್ಲ.

ಮುಂದಿನ ಮಳೆಗಾಲ ನಡುವಿಗೆ ಬಂದಾಗ ವಸ್ತಿರಾಳ ತೆಂಪೆ ಕೆಟ್ಟಿತು.

ಮೊದಲು ಒಂದೆರಡು ಪೊಟ್ಟಣ. ಬಿಚ್ಚಿದರೆ ಒಳಗೆ ಹತ್ತಿಯಿಲ್ಲ, ಲೋಳೆ. ಆಮೇಲೆ ಒಂದು ಬುಟ್ಟಿ, ಆಮೇಲೆ ಮಾಡಿದ್ದೆಲ್ಲ. ಕಾಳು ಬೂದು ಬಣ್ಣಕ್ಕೆ ತಿರುಗಿ ಮೂಗಿಗೆ ಚುಚ್ಚುವ ನಾತ ಹೊಡೆಯುತ್ತಿತ್ತು. ಕಸದ ಗುಡ್ಡದ ಪಕ್ಕದಲ್ಲೇ ಹುಟ್ಟಿದ ಕಾಗೆಗಳು ಅದನ್ನು ಮೂಸಿ ನೋಡಿ, ಮರ್ಯಾದಸ್ಥರ ಹಾಗೆ ಎದ್ದು ಹೋದವು. ಅವಳು ಹೆಪ್ಪು ಬದಲಾಯಿಸಿದಳು, ಕಾಳಿನ ಅಂಗಡಿ ಬದಲಾಯಿಸಿದಳು, ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕಿದಳು, ಎಲೆ ಬಿಟ್ಟು ಪ್ಲಾಸ್ಟಿಕ್‌ನಲ್ಲಿ ಸುತ್ತಿದಳು. ನೀರನ್ನು ಮಾತ್ರ ಬದಲಾಯಿಸಲಿಲ್ಲ. ಅದು ಕಾರ್ತಿಮ್ ತೋಡಿದ ನೀರು. ರುಚಿಯೇನೋ ಸ್ವಲ್ಪ ಉಪ್ಪುಪ್ಪಾಗಿತ್ತು. ಮಳೆಗಾಲ, ಇರುತ್ತದೆ ಬಿಡು, ಎಂದುಕೊಂಡಳು.

ಸಂತೆಯಲ್ಲಿ ಅವಳ ಬುಟ್ಟಿಯ ಮುಂದೆ ನಿಲ್ಲುವವರು ಕಡಿಮೆಯಾದರು. ನಿಂತವರೂ ಬುಟ್ಟಿ ಬಿಟ್ಟು ಅವಳ ಮುಖ ನೋಡತೊಡಗಿದರು. ಕಾಳು ಕೆಟ್ಟಿದೆ ಎಂದು ಯಾರೂ ಅನ್ನಲಿಲ್ಲ. ಕೈ ಕೆಟ್ಟಿದೆ ಎಂದರು. ಕೈ ಕೆಡುವುದು ಮನಸ್ಸು ಕೆಟ್ಟ ಮೇಲೆ.

"ಯಾರ ಮೇಲೆ ಕತ್ತಿ ಮಸೀತಿದೀಯೇ ವಸ್ತಿ?" ಎಂದು ಕುನೇಸಿ ಬಿಬಿ ಎಣ್ಣೆ ಬಾಣಲೆಯ ಹಿಂದಿನಿಂದ ಕೂಗಿ ಕೇಳಿದಳು. "ನನ್ನ ಮೇಲಾದ್ರೆ ಈಗ್ಲೇ ಹೇಳಿಬಿಡು, ಮುದುಕಿ, ಎರಡು ಸಲ ಸಾಯೋಕಾಗಲ್ಲ."

ವಸ್ತಿರಾ ತನ್ನ ಮನಸ್ಸನ್ನು ತಾನೇ ಮಗುಚಿ ನೋಡಿಕೊಂಡಳು. ತಲೆದಿಂಬಿನ ಅರಳೆ ಬಿಡಿಸಿದ ಹಾಗೆ ಬಿಡಿಸಿದಳು. ಹುಡುಕಿದರೆ ಯಾರ ಮನಸ್ಸಿನಲ್ಲಿ ಏನು ಸಿಗುವುದಿಲ್ಲ? ಹಿಂದೆಂದೋ ನೆರೆಯವಳ ಕೋಳಿಗೆ ಕಲ್ಲು ಹೊಡೆದದ್ದು, ತಮ್ಮನ ಹೆಂಡತಿಯ ನಖರೆ ಮಾತು ಹಿಡಿಸದಿದ್ದದ್ದು, ಬದುಕಿರುವ ಗಂಡಂದಿರನ್ನು ಕಂಡು ಹೊಟ್ಟೆ ಉರಿದದ್ದು. ಇದೇ ಇರಬೇಕು ಎನಿಸಿತು. ಮೂರು ದಿನ ಉಪವಾಸ ಮಾಡಿ, ತಲೆಗೆ ಒಗೆದ ವಸ್ತ್ರ ಹೊದ್ದು, ಹಬ್ಬದ ದಿನ ಕೇಳುವ ಕ್ಷಮೆಯನ್ನು ಹಬ್ಬವಿಲ್ಲದ ದಿನ ಕೇಳಲು ಮನೆಮನೆಗೆ ಹೊರಟಳು. ಅಲ್ಲಿನ ಕ್ಷಮೆಗೆ ಎರಡು ಪದರ. ಹೊರಗಿನದನ್ನೂ ಮನ್ನಿಸು, ಒಳಗಿನದನ್ನೂ ಮನ್ನಿಸು ಎಂದು ಕೈ ಜೋಡಿಸಿ ಕೇಳಬೇಕು.

ಕೋಳಿಯವಳ ಹತ್ತಿರ ಕೇಳಿದಳು. ಕೋಳಿ ಸತ್ತು ಎಷ್ಟೋ ಕಾಲವಾಗಿತ್ತು, ಅವಳು ಅದನ್ನು ಆಗ ನೆನಪಿಸಿಕೊಂಡು ಹೊಸದಾಗಿ ಸಿಟ್ಟಾದಳು. ಕುನೇಸಿ ಬಿಬಿಯ ಹತ್ತಿರ ಕೇಳಿದಳು.

"ಏನಕ್ಕೆ?" ಎಂದಳು ಬಿಬಿ.

"ಏನಾದ್ರೂ ಇರಬಹುದಲ್ಲ ಬಿಬಿ."

"ಇರುತ್ತೆ ಇರುತ್ತೆ. ಕ್ಷಮಿಸಿದೀನಿ ಹೋಗು. ಏನಂತ ನೆನಪಾದ್ರೆ ಆಮೇಲೆ ಬಂದು ಬೈತೀನಿ."

ಕೊನೆಗೆ ತಮ್ಮನ ಸರದಿ. ಅವನು ಅವಳ ಜಗಲಿಯಲ್ಲೇ ಕೂತಿದ್ದ, ಪಕ್ಕದಲ್ಲಿ ಬಾಟಲಿ ಚಹಾ. ಅವಳು ಅವನ ಮುಂದೆ ಮಂಡಿಯೂರಿ ಕೂತಳು. ಸಾಕಿದವಳು ಸಾಕಿಸಿಕೊಂಡವನ ಮುಂದೆ.

"ನಿನ್ನ ಮದುವೇಲಿ ನನ್ನ ಮನಸ್ಸಲ್ಲಿ ಒಂದು ಚೂರು ಕಹಿ ಇತ್ತು ಕಣೋ. ನೀನು ಬೇರೆ ಮನೆ ಮಾಡ್ತೀಯಲ್ಲ ಅಂತ. ಅದೇ ಇರಬೇಕು ನನ್ನ ಕೈಗೆ ಬಂದಿರೋದು. ಹೊರಗಿಂದೂ ಮನ್ನಿಸು, ಒಳಗಿಂದೂ ಮನ್ನಿಸು."

ಚಸ್ಮಾದಿ ಎಲ್ಲೋ ನೋಡಿದ. ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ಮುಚ್ಚಿದ.

"ಮನ್ನಿಸಿದೀನಿ ಯಾಯು" ಎಂದ.

ಅವಳಿಗೆ ಹೊಟ್ಟೆಯೆಲ್ಲ ತಣ್ಣಗಾಯಿತು. ಆ ನೆಮ್ಮದಿಯಲ್ಲಿ ಬಾವಿಯಿಂದ ಒಂದು ತಂಬಿಗೆ ಸೇದಿ ಗಟಗಟ ಕುಡಿದಳು. ಅವನು ನೋಡುತ್ತಾ ಕೂತಿದ್ದ.

ತೆಂಪೆ ಮಾತ್ರ ಯಾರ ಕ್ಷಮೆಗೂ ಬಗ್ಗಲಿಲ್ಲ. ಮುಂದಿನ ಬುಟ್ಟಿ ಇನ್ನೂ ಕೆಟ್ಟದಾಗಿ ಲೋಳೆಯಾಯಿತು.

ಹಾಗಾದರೆ ಕಾಳನ್ನು ಮೊದಲಿನಂತೆ ಬಾಳೆ ಎಲೆಯಲ್ಲೇ ಸುತ್ತೋಣ, ಅದೂ ಸ್ವಂತ ಹಿತ್ತಿಲ ಎಲೆಯಲ್ಲಿ, ಎಂದು ಒಂದು ಬೆಳಗ್ಗೆ ಅವಳು ಬಾಳೆಗಿಡ ನೆಡಲು ಹಾರೆ ಹಿಡಿದು ಚಪ್ಪರದ ಪಕ್ಕಕ್ಕೆ ಹೋದಳು. ಅಲ್ಲಿ ಅವಳ ಬೆಕ್ಕು ಮಲಗಿತ್ತು. ನೆಲ ತುಂಬಿಸಿದಾಗಿನಿಂದ ಅದು ಅಲ್ಲೇ ಮಲಗುತ್ತಿತ್ತು, ಎಂಥ ಮಳೆಯ ಬೆಳಗ್ಗೆಯೂ ಎದ್ದು ಬರುತ್ತಿರಲಿಲ್ಲ. ನೆಲಕ್ಕೂ ನಮ್ಮ ಚಸ್ಮಾದಿಯ ಕೈಗುಣ ಬಂದಿದೆ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಈಗ ಬೆಕ್ಕನ್ನು ಸರಿಸಿ ಬರಿಗಾಲಿಟ್ಟರೆ ನೆಲ ಬೆಚ್ಚಗಿತ್ತು. ಒಳಗೆ ಯಾರೋ ಜ್ವರ ಬಂದು ಮಲಗಿದ ಹಾಗೆ.

ಕೆಂಪು ಮಣ್ಣು ಮೊಳಕಾಲುದ್ದವೂ ಇರಲಿಲ್ಲ. ಹಾರೆ ಎರಡನೆಯ ಏಟಿಗೆ ಮೆತ್ತಗೆ ಒಳಹೋಯಿತು. ಮೇಲಕ್ಕೆ ಬಂದದ್ದು ಒಂದು ಶಾಂಪೂ ಪ್ಯಾಕೆಟ್ಟು. ಆಮೇಲೆ ಕೂಸಿನ ಒಂದು ಚಪ್ಪಲಿ. ಆಮೇಲೆ ಹಾಸಿಗೆಯ ಸ್ಪಂಜು, ಹಿಂಡಿದರೆ ಕಪ್ಪು ರಸ. ಉಸಿರು ಕಟ್ಟುವಂಥ ಬಿಸಿ ನಾತ ಎದ್ದಿತು. ಮಳೆಗಾಲದ ನಡುವಿನಿಂದ ತೆಂಪೆಯೊಳಗೆ ಇಣುಕುತ್ತಿದ್ದದ್ದು ಇದೇ ನಾತ. ಗುಂಡಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಬಾನಿಯಂತೆ ಕಪ್ಪು ನೀರು ತುಂಬಿಕೊಂಡು ಕೂತಿತ್ತು. ತುಂಬಿದ್ದು ಪಕ್ಕಕ್ಕೆ, ಬಾವಿಯ ಕಡೆಯ ಒಂದು ಹರುಕಿನಿಂದ, ಸದ್ದಿಲ್ಲದೆ ಜಾರುತ್ತಿತ್ತು. ಅದರ ಮೇಲೆ ಕಾಮನಬಿಲ್ಲಿನಂಥ ಎಣ್ಣೆ ಬಣ್ಣ ತೇಲುತ್ತಿತ್ತು.

ತಮ್ಮನ ಪಾಠವೆಲ್ಲ ಅವಳ ಕಣ್ಣಮುಂದೆಯೇ ಇತ್ತು. ಬಾನಿ, ತೂತು, ವರ್ಷಗಟ್ಟಲೆ ಕುಡಿದು ಕಕ್ಕುವ ಹಾಸಿಗೆ, ದಾರಿಯಲ್ಲಿ ಕಟ್ಟಿಸಿಕೊಂಡ ಪೊಟ್ಟಣಗಳು. ಇಲ್ಲಿ ಬುಡಕ್ಕೆ ಹಾಳೆ ಇರಲಿಲ್ಲ, ಕೊಳವೆ ಇರಲಿಲ್ಲ, ಕಾಲುವೆ ಇರಲಿಲ್ಲ. ಗುಡ್ಡಕ್ಕೆ ಕಾಲು ಬೆಳೆದಿರಲಿಲ್ಲ, ಅದನ್ನು ಲಾರಿಯಲ್ಲಿ ಕೂರಿಸಿಕೊಂಡು ಬಂದಿದ್ದರು.

ಆದರೂ ಅವಳ ಮನಸ್ಸು ತಮ್ಮನನ್ನು ಬಿಡಿಸಿಕೊಳ್ಳಲು ಓಡಾಡಿತು. ಲಾರಿಯವನು ಮೋಸ ಮಾಡಿರಬಹುದು. ಇವನಿಗೆ ಗೊತ್ತಿರಲಿಕ್ಕಿಲ್ಲ. ಗುಂಡಿ ಮುಚ್ಚಿ, ಕಾಲು ತೊಳೆದು, ಬಾವಿಯ ಹಗ್ಗವನ್ನು ಬಿಚ್ಚಿ ಒಳಗಿಟ್ಟು, ಬಂದವರಿಗೆ "ಹಗ್ಗ ಹರಿದಿದೆ, ನೀರಿನ ಗಾಡಿ ಬಂದಾಗ ಹಿಡ್ಕೊಳ್ಳಿ" ಎಂದು ಹೇಳಿ ಪಕ್ಕದ ಕೇರಿಗೆ ನಡೆದಳು.

ಚಸ್ಮಾದಿ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ರುಮ್ಯಾತಿ ಓಡಿಬಂದು ಕೈ ಹಿಡಿದು ಹಣೆಗೊತ್ತಿಕೊಂಡಳು. ತಗ್ಗಿನ ಕೇರಿಯಲ್ಲಿ ಎಲ್ಲರ ಅಂಗಳವೂ ಕೆಸರು. ಇವರ ಅಂಗಳ ಮಾತ್ರ ಎತ್ತರಕ್ಕೆ ನಿಂತಿತ್ತು. ಕೆಂಪಗೆ, ಗಟ್ಟಿಯಾಗಿ.

"ಮಣ್ಣು ಚೆನ್ನಾಗಿದೆ" ಎಂದಳು ವಸ್ತಿರಾ.

"ಎಲ್ಲಾ ನಿಮ್ಮ ದಯೆ ಯಾಯು!" ಎಂದಳು ರುಮ್ಯಾತಿ, ಕಣ್ಣರಳಿಸಿ. "ನಿಮ್ಮ ಕೊಳಕ್ಕೆ ಅಂತ ಬಂದ ಮಣ್ಣನ್ನ ನೀವೇ ಮದುವೆ ಉಡುಗೊರೆ ಅಂತ ಕೊಟ್ರಂತಲ್ಲ, 'ನನಗೆ ಹೇಗಾದ್ರೂ ನಡೆಯುತ್ತೆ, ನನ್ನ ತಮ್ಮನ ಮನೆಗೆ ನೀರು ನುಗ್ಗಬಾರದು' ಅಂತ. ಇವರು ಹೇಳಿದಾಗ ನಾನು ಅತ್ತುಬಿಟ್ಟೆ. ನಮ್ಮಕ್ಕ ಆಗಿದ್ರೆ ಒಂದು ಬುಟ್ಟಿ ಕೊಡ್ತಿರ್ಲಿಲ್ಲ."

ವಸ್ತಿರಾ ಆ ಹುಡುಗಿಯ ತಲೆ ಸವರಿ ಎದ್ದಳು. ಅವಳನ್ನು ಎಡವಿಸಿದ್ದು ಮಣ್ಣಲ್ಲ. ದಾರಿಯುದ್ದಕ್ಕೂ ಅವಳ ಕಣ್ಣಮುಂದೆ ನಿಂತದ್ದು ಬಾಟಲಿ ಚಹಾ. ಕೊಳ ಮುಚ್ಚಿದ ಹಬ್ಬದಿಂದೀಚೆಗೆ ಅವನು ಅಕ್ಕನ ಮನೆಯಲ್ಲಿ ಒಂದು ಗುಟುಕು ನೀರು ಕುಡಿದದ್ದು ಅವಳಿಗೆ ನೆನಪಿಗೆ ಬರಲಿಲ್ಲ. ಕಳೆದ ವರ್ಷ ಕೇರಿಯೆಲ್ಲ ಸೇರಿ ಬಾವಿ ತೊಳೆದ ದಿನ 'ಕೆಲಸ ಇದೆ' ಎಂದು ಬರಲೇ ಇಲ್ಲ. ಮಂಡಿಯೂರಿ ಕ್ಷಮೆ ಕೇಳಿದಾಗ, ತಂಬಿಗೆ ಎತ್ತಿ ಕುಡಿದಾಗ, ನೋಡುತ್ತಾ ಕೂತಿದ್ದ. ಬೇಡ ಯಾಯು ಎನ್ನಲು ಎರಡು ಮಾತು ಸಾಕಿತ್ತು. ಅವನು ಮುಚ್ಚಳ ತಿರುಗಿಸಿದ.

ಅದಾಗಿ ನಾಲ್ಕೇ ದಿನಕ್ಕೆ ಸುರೋ ತಿಂಗಳು ಬಂತು. ಆ ತಿಂಗಳಲ್ಲಿ ಕೇರಿಯವರೆಲ್ಲ ಸೇರಿ ಬಾವಿ ತೊಳೆಯುತ್ತಾರೆ. ಹಳೆ ನೀರನ್ನೆಲ್ಲ ಎತ್ತಿ ಚೆಲ್ಲಿ, ತಳದ ಕೆಸರು ತೆಗೆದು, ಹೊಸ ನೀರು ಒಸರುವ ತನಕ ಕೂತು, ಅರಿಶಿನದ ಅನ್ನವನ್ನು ಗೋಪುರದಂತೆ ಕಟ್ಟಿ ಪ್ರಾರ್ಥನೆ ಮಾಡುತ್ತಾರೆ. ಹೊಸ ನೀರಿನ ಮೊದಲ ಲೋಟವನ್ನು ಆ ಮನೆಯ ಗಂಡಸು ಎಲ್ಲರೆದುರು ಕುಡಿದ ಮೇಲೆಯೇ ಊರು ಕೊಡ ಇಳಿಸುವುದು. ಕಾರ್ತಿಮ್ ಇದ್ದಾಗ ಅವನು ಕುಡಿಯುತ್ತಿದ್ದ. ಈಗ ಆ ಹಕ್ಕು ಚಸ್ಮಾದಿಯದು, ಕಳೆದ ವರ್ಷ ಅವನು ಬಾರದೆ ಅವಳೇ ಕುಡಿದಿದ್ದಳು. ವಸ್ತಿರಾ ಹೇಳಿಕಳಿಸಿದಳು, "ಈ ಸಲ ಬರದಿದ್ರೆ ಕೇರಿ ಏನೆನ್ನುತ್ತೆ?" ಅವನು ಬಂದ.

ಅವಳು ಹಗ್ಗವನ್ನು ಹೊರಗೆ ತಂದಳು. ಎಲ್ಲವೂ ಪದ್ಧತಿಯಂತೆ ನಡೆಯಿತು. ಪ್ರಾರ್ಥನೆ ಮುಗಿಯಿತು. ಅವಳು ತಾನೇ ಸೇದಿ, ಗಾಜಿನ ಲೋಟ ತುಂಬಿ, ಎರಡು ಕೈಯಲ್ಲಿ ಹಿಡಿದು ತಮ್ಮನ ಮುಂದೆ ನಿಂತಳು. ಲೋಟದಲ್ಲಿ ನೀರು ತಿಳಿಯಾಗಿಯೇ ಕಾಣುತ್ತಿತ್ತು, ತೆಳ್ಳಗಿನ ಚಹಾದ ಒಂದು ಛಾಯೆ ಬಿಟ್ಟರೆ.

"ತಗೋ" ಎಂದಳು.

ಚಸ್ಮಾದಿ ಲೋಟ ನೋಡಿದ. "ಇವತ್ತು... ಉಪವಾಸ ಹಿಡಿದಿದೀನಿ ಯಾಯು."

"ಉಪವಾಸಾನಾ!" ಕುನೇಸಿ ಬಿಬಿ ಎದ್ದೇ ನಿಂತಳು. "ಈಗ ತಾನೇ ನನ್ನ ಬಾಣಲೆಯಿಂದ ಬಿಸಿಬಿಸಿ ಬಾಳೆಹಣ್ಣು ಕಿತ್ಕೊಂಡು ತಿಂದ್ಯಲ್ಲೋ! ಇನ್ನೂ ತುಟಿ ಮೇಲೆ ಎಣ್ಣೆ ಆರಿಲ್ಲ. ನಿನ್ನ ಉಪವಾಸ ನೀರಿಗೆ ಮಾತ್ರಾನಾ, ಬಾಳೆಹಣ್ಣಿಗಿಲ್ವಾ?"

ಕೇರಿ ಗೊಳ್ಳೆಂದು ನಕ್ಕಿತು. ಚಸ್ಮಾದಿಯೂ ನಗಲು ನೋಡಿದ. ನಗು ಮುಖದ ಅರ್ಧ ದಾರಿಗೆ ಬಂದು ನಿಂತಿತು. "ಕುಡಿಯಪ್ಪ, ಬಿಸಿಲೇರ್ತಿದೆ" ಎಂದರು ಯಾರೋ. ಎಲ್ಲರ ಕಣ್ಣೂ ಲೋಟದ ಮೇಲೆ. ಅವನು ಅಕ್ಕನ ಮುಖ ನೋಡಿದ. ಅವಳಿಗೆ ಗೊತ್ತು ಎಂಬುದು ಅವನಿಗೆ ಆಗ ತಿಳಿಯಿತು. ನಾಚಿಕೆಗೋ, ಹಟಕ್ಕೋ, ಇನ್ನೂ ಮುಚ್ಚಿಟ್ಟುಕೊಳ್ಳಬಹುದೆಂಬ ಆಸೆಗೋ, ಲೋಟ ಇಸಿದುಕೊಂಡು ತುಟಿಗೆ ಎತ್ತಿದ.

ವಸ್ತಿರಾಳ ಕೈ ಅವಳನ್ನು ಕೇಳದೆಯೇ ಮುಂದೆ ಹೋಯಿತು. ಲೋಟವನ್ನು ಕಿತ್ತುಕೊಂಡು ನೆಲಕ್ಕೆ ಸುರಿದಳು.

"ನಾನು ಸಾಕಿದವಳು ಕಣೋ" ಎಂದಳು. "ನೀನು ಕುಡಿಯೋದನ್ನ ನೋಡ್ತಾ ಕೂರೋದು ನನಗೆ ಬರಲ್ಲ. ಅದು ನಿನಗೆ ಮಾತ್ರ ಬರುತ್ತೆ."

ನಗು ನಿಂತಿತು. ಅವಳು ಕೇರಿಯ ಕಡೆ ತಿರುಗಿ, ಧ್ವನಿ ಏರಿಸದೆ ಹೇಳಿದಳು. ಕೊಳದಲ್ಲಿ ಏನಿದೆ, ಕೆಂಪು ಮಣ್ಣು ಎಲ್ಲಿದೆ, ತೆಂಪೆ ಏಕೆ ಕೆಟ್ಟಿತು. "ನೀರು ಚೆನ್ನಾಗಿದೆ ಅಂತ ನಿಮಗೆಲ್ಲ ಹೇಳಿದ್ದು ನಾನು. ನನ್ನ ಬಾಯಲ್ಲಿ ಇವನು ಮಾತಾಡಿದ್ದ, ಆದ್ರೂ ಬಾಯಿ ನಂದೇ. ಇವತ್ತಿಂದ ಈ ಬಾವಿ ನೀರನ್ನ ಯಾರೂ ಮುಟ್ಟಬೇಡಿ."

ಒಬ್ಬಳು ತನ್ನ ಕೂಸನ್ನು ಸೊಂಟದಿಂದ ಎದೆಗೆ ಎಳೆದುಕೊಂಡಳು. ಕುನೇಸಿ ಬಿಬಿಯ ನಾಲಿಗೆಗೂ ಒಂದು ಕ್ಷಣ ದಾರಿ ತಪ್ಪಿತು. ಆಮೇಲೆ ಕೇಳಿದಳು, "ಹಂಗಾದ್ರೆ ಅವತ್ತು ನನ್ನ ಹತ್ರ ಕ್ಷಮೆ ಕೇಳಿದ್ದು?"

"ಅದು ನಿಮ್ಮ ಹತ್ರಾನೇ ಇರಲಿ ಬಿಬಿ."

"ಇರುತ್ತೆ. ವಾಪಸ್ ಕೊಡೋ ಪೈಕಿ ಅಲ್ಲ ನಾನು" ಎಂದು ಬಿಬಿ ಮೂಗೊರೆಸಿಕೊಂಡಳು.

"ಯಾಯು, ಎಲ್ಲರೂ ಹೀಗೇ ತುಂಬಿಸೋದು" ಎಂದ ಚಸ್ಮಾದಿ, ಮೆಲ್ಲಗೆ. "ಈ ಕೇರೀಲಿ ಯಾರ ಮನೆ ಕೆಳಗೆ ಏನಿದೆ ಕೇಳು ಬೇಕಾದ್ರೆ. ಮೇಸ್ತ್ರಿ ಕೊಟ್ಟಿದ್ದೇ ಅರ್ಧ ಮಣ್ಣು. ರುಮ್ಯಾತಿ ಅಪ್ಪ ಅಂಗಳ ನೋಡಿ ಹೆಣ್ಣು ಕೊಡ್ತೀನಿ ಅಂದಿದ್ರು. ನಾನು ಏನ್ಮಾಡ್ಲಿ?"

"ಕೇಳಬೇಕಿತ್ತು" ಎಂದಳು ಅವಳು. "ಕೇಳಿದ್ರೆ ಕೊಡ್ತಿರ್ಲಿಲ್ವೇನೋ? ನಿನ್ನ ಹೆಂಡ್ತಿಗೆ ನೀನು ಹೇಳಿದ ಸುಳ್ಳು ನಾನೇ ಹೇಳ್ತಿದ್ದ ನಿಜ ಕಣೋ."

ಅವನು ಅಲ್ಲೇ, ಚೆಲ್ಲಿದ ನೀರಿನ ಕೆಸರಿನಲ್ಲೇ ಮಂಡಿಯೂರಿದ. ಕೈ ಜೋಡಿಸಿದ. "ಹೊರಗಿಂದೂ ಮನ್ನಿಸು ಯಾಯು. ಒಳಗಿಂದೂ ಮನ್ನಿಸು."

ಅವಳು ಸೆರಗಿನಿಂದ ಅವನ ತುಟಿಯ ಮೇಲಿನ ಎಣ್ಣೆಯನ್ನು, ಅದಕ್ಕೇನಾದರೂ ಆ ನೀರು ತಾಗಿದೆಯೋ ಎಂಬಂತೆ, ಒರೆಸಿದಳು.

"ಹೊರಗಿಂದು ಇಗೋ, ಕೊಟ್ಟಿದೀನಿ" ಎಂದಳು. "ಒಳಗಿಂದು ಇಳಿಯೋಕೆ ಎಷ್ಟು ವರ್ಷ ಹಿಡಿಯುತ್ತೋ, ಎಲ್ಲೆಲ್ಲಿ ನಿಂತು ನಿಂತು ಬರುತ್ತೋ, ನನಗೆ ಗೊತ್ತಿಲ್ಲ. ಆ ಲೆಕ್ಕವೆಲ್ಲ ಬಲ್ಲವನು ನೀನು."

ಆ ಕಡೆ ಸಾವಾದ ಮನೆಯಲ್ಲಿ ಬಾವಿಯ ಬಕೆಟ್ಟನ್ನು ಬೋರಲು ಹಾಕುತ್ತಾರೆ. ವಸ್ತಿರಾ ತಾನೇ ಹಾಕಿದಳು. ಬಾವಿಯ ಬಾಯಿಗೆ ಹಲಗೆ ಮುಚ್ಚಿದಳು. ಅರಿಶಿನದ ಅನ್ನವನ್ನು ಎಲ್ಲರೂ ಸದ್ದಿಲ್ಲದೆ ಹಂಚಿಕೊಂಡು ಮನೆಗೆ ಒಯ್ದರು.

ಈಗ ಅವಳು ಗಾಡಿಯ ನೀರು ಕೊಂಡು ಸಣ್ಣ ಬುಟ್ಟಿಯಷ್ಟು ತೆಂಪೆ ಮಾಡುತ್ತಾಳೆ. ಬೆಳ್ಳಗೇ ಬರುತ್ತದೆ. ಕೈ ಮತ್ತೆ ಸರಿಯಾಯಿತು, ಮನಸ್ಸು ತಿಳಿಯಾಯಿತು ಎನ್ನುತ್ತಾರೆ ಸಂತೆಯವರು. ಅವರ ಮಾತಿಗೆ ಅವಳು ನಗುತ್ತಾಳೆ. ತನ್ನ ಮನಸ್ಸು ಹಿಂದೆಂದೂ ಇಲ್ಲದಷ್ಟು ಕದಡಿರುವುದು ಈಗಲೇ ಎಂದು ಅವರಿಗೆ ಹೇಳಿ ವ್ಯಾಪಾರ ಯಾಕೆ ಕೆಡಿಸಿಕೊಳ್ಳಬೇಕು?

ಚಸ್ಮಾದಿ ವಾರಕ್ಕೊಮ್ಮೆ ಬರುತ್ತಾನೆ, ರಜೆಯಲ್ಲಿ ಹಿತ್ತಿಲು ಅಗೆದು ಒಂದೊಂದೇ ಗಾಡಿ ಕಸ ತೆಗೆಯುತ್ತಾನೆ. ಅವನು ತೆಗೆದಷ್ಟೂ ನೆಲ ಇನ್ನಷ್ಟು ಕೊಡುತ್ತದೆ, ಇಡೀ ಪಟ್ಟಣವೇ ಅಲ್ಲಿ ಹೂತಿದೆಯೇನೋ ಎಂಬಂತೆ. ಬಾಯಾರಿದಾಗ ಅವಳು ಗಾಡಿಯ ನೀರನ್ನು ಅದೇ ಗಾಜಿನ ಲೋಟದಲ್ಲಿ ತಂದು ಜಗಲಿಯಂಚಿನಲ್ಲಿಟ್ಟು ಒಳಗೆ ಹೋಗುತ್ತಾಳೆ. ಕುಡಿದನೋ ಇಲ್ಲವೋ ನೋಡಲು ನಿಲ್ಲುವುದಿಲ್ಲ. ಬೆಕ್ಕು ಮಾತ್ರ ಅವನು ಇನ್ನೂ ಅಗೆಯದ ಮೂಲೆಯನ್ನು ಹುಡುಕಿಕೊಂಡು, ಬೆಚ್ಚಗೆ ಮಲಗಿರುತ್ತದೆ.